ಮೊದಲು ಗಾಡಿಯವರನ್ನು ಕೇಳಿ, ಆಮೇಲೆ ಗಾಡಿಯನ್ನು ಕೇಳಿ

ಹೊಸ ಬೈಕು. ಮೀಟರಿನಲ್ಲಿ ಇನ್ನೂ 700 ಕಿಲೋಮೀಟರ್ ಆಗಿರಲಿಲ್ಲ. ಮೀಟರ್ ಗಾಜಿನ ಮೇಲಿನ ಪ್ಲಾಸ್ಟಿಕ್ ಹಾಳೆಯನ್ನೂ ಹುಡುಗ ಕಿತ್ತಿರಲಿಲ್ಲ. ಮೊದಲ ಸರ್ವಿಸ್‌ಗೆ ಬಂದವನು ಜಾಬ್ ಕಾರ್ಡ್ ಬರೆಸುವಾಗ ಹೇಳಿದ್ದು ಇಷ್ಟೇ: "ಸರ್, ಟಿಕ್ ಟಿಕ್ ಅಂತ ಸದ್ದು ಬರ್ತಿದೆ. ತಗೊಂಡಾಗ ಇರ್ಲಿಲ್ಲ."

ನಾನು ಸ್ಟಾರ್ಟ್ ಮಾಡಿ ಎರಡು ಸಲ ರೇಸ್ ಮಾಡಿದೆ. ಇಂಜಿನ್ನಿನ ಮೇಲ್ಭಾಗದ ಹೆಡ್ ಕಡೆಯಿಂದ ಸಣ್ಣಗೆ ಟಿಕ್ ಟಿಕ್ ಟಿಕ್. ಸಿಂಗಲ್ ಸಿಲಿಂಡರ್ ಗಾಡಿ, ಹೆಡ್ ಹತ್ತಿರದ ಸದ್ದು, ವಾಲ್ವನ್ನು ಒತ್ತಿ ತೆರೆಯುವ ಟ್ಯಾಪೆಟ್ ಅಲ್ಲದೆ ಇನ್ನೇನು ಅಲ್ವಾ? ಕಾರ್ಡಿನಲ್ಲಿ ಹಾಗೇ ಬರೆದೆ. ಇಂಜಿನ್ ತಣ್ಣಗಾದ ಮೇಲೆ ಕವರ್ ಬಿಚ್ಚಿ, ಸಂದಿ ಅಳೆಯುವ ತೆಳು ಪಟ್ಟಿಯ ಫೀಲರ್ ಗೇಜ್ ಹಾಕಿದೆ. ಟ್ಯಾಪೆಟ್ಟಿಗೂ ವಾಲ್ವಿಗೂ ನಡುವಿನ ಗ್ಯಾಪ್ ಕಂಪನಿ ಕೊಟ್ಟ ಅಳತೆಯೊಳಗೇ ಇತ್ತು. ಅಲ್ಲೇ ನಿಲ್ಲಬೇಕಿತ್ತು. ಆದರೂ ಸದ್ದು ಕಡಿಮೆಯಾಗಲಿ ಅಂತ ಎರಡೂ ವಾಲ್ವನ್ನು ಸ್ವಲ್ಪ ಬಿಗಿ ಮಾಡಿ ಕಳಿಸಿದೆ.

ನಾಲ್ಕೇ ದಿನಕ್ಕೆ ಹುಡುಗ ವಾಪಸ್ ಬಂದ. ಅದೇ ಸದ್ದು. ನಾನು ಮತ್ತೆ ಟ್ಯಾಪೆಟ್ ಕವರಿನ ಬೋಲ್ಟಿಗೆ ಸ್ಪ್ಯಾನರ್ ಹಾಕುತ್ತಿದ್ದಾಗ ನಮ್ಮ ಹಿರಿಯ ಮೆಕ್ಯಾನಿಕ್ ಪಕ್ಕಕ್ಕೆ ಬಂದು ನಿಂತರು.

"ಯಾವಾಗ ಬರುತ್ತಂತೆ ಸದ್ದು?"

"ಯಾವಾಗ್ಲೂ ಬರುತ್ತೆ ಅಣ್ಣ."

"ಅದು ನೀನು ಹೇಳ್ತಿರೋದು. ಅವನನ್ನ ಕೇಳಿದ್ಯಾ?"

ಕೇಳಿರಲಿಲ್ಲ. ಹುಡುಗನನ್ನು ಒಳಗೆ ಕರೆದು ಅವರೇ ಕೇಳಿದರು. ಅವನು ತಡವರಿಸದೆ ಹೇಳಿದ. ಬೆಳಗ್ಗೆ ಸ್ಟಾರ್ಟ್ ಮಾಡಿದಾಗ ಜಾಸ್ತಿ, ಬಿಸಿಯಾದ ಮೇಲೆ ಕಡಿಮೆ. ಏರು ಹತ್ತುವಾಗ ಮತ್ತೆ ಜೋರು. ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರಿನಲ್ಲಿ ಚಟ್ ಪಟ್ ಅನ್ನುತ್ತೆ. ಇಷ್ಟೂ ಮೊದಲ ದಿನವೇ ಅವನಿಗೆ ಗೊತ್ತಿತ್ತು. ಹೇಳಲು ನಾನು ಅವಕಾಶ ಕೊಟ್ಟಿರಲಿಲ್ಲ.

ಅಣ್ಣ ಕುಕ್ಕರುಗಾಲಲ್ಲಿ ಕೂತು, ಹೊಗೆ ಹೊರಹೋಗುವ ಬೆಂಡ್ ಪೈಪ್ ಹೆಡ್ಡಿಗೆ ಸೇರುವ ಜಾಗಕ್ಕೆ ಟಾರ್ಚ್ ಬಿಟ್ಟರು. ಕಾಲರಿನ ಕೆಳಗೆ, ಮುಂದಿನಿಂದ ನೋಡಿದರೆ ಕಾಣದ ಕಡೆ, ಕಾಡಿಗೆ ತೀಡಿದ ಹಾಗೆ ಒಂದು ಕಪ್ಪು ಗೆರೆ. ಬೆರಳಿಂದ ಒರೆಸಿ ನನಗೆ ತೋರಿಸಿದರು, ಮಸಿ. ಎರಡು ನಟ್‌ಗಳಲ್ಲಿ ಒಂದು ಸಡಿಲವಾಗಿ, ಸಂದಿ ಮುಚ್ಚುವ ಪ್ಯಾಕಿಂಗ್ ಒಂದೇ ಕಡೆ ಅಮುಕಿ ಕೂತಿತ್ತು. ಹೊಗೆ ಅಲ್ಲಿಂದ ಸೋರುತ್ತಿತ್ತು. ಹೊಸ ಪ್ಯಾಕಿಂಗ್ ಹಾಕಿ, ಎರಡೂ ನಟ್‌ಗಳನ್ನು ಒಂದಾದ ಮೇಲೊಂದರಂತೆ ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿದೆವು. ಆ ಸದ್ದು ಹೋಯಿತು.

ಇದು ಟ್ಯಾಪೆಟ್ ಥರವೇ ಕೇಳಿಸಿದ್ದಕ್ಕೆ ಕಾರಣ ಇದೆ. ನಾಲ್ಕು ಸ್ಟ್ರೋಕ್ ಇಂಜಿನ್ನಿನಲ್ಲಿ ಪಿಸ್ಟನ್ ತಿರುಗಿಸುವ ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ, ವಾಲ್ವ್ ತೆರೆಸುವ ಕ್ಯಾಮ್ ಒಂದು ಸುತ್ತು. ಗಾಡಿ ನಿಂತಲ್ಲೇ 1,400 ಆರ್‌ಪಿಎಂನಲ್ಲಿ (ನಿಮಿಷಕ್ಕೆ ಅಷ್ಟು ಸುತ್ತು) ಸ್ಲೋ ಓಡುತ್ತಿದ್ದರೆ ಒಂದೊಂದು ವಾಲ್ವ್ ನಿಮಿಷಕ್ಕೆ 700 ಸಲ ತೆರೆಯುತ್ತದೆ, ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 12 ಸಲ. ಹೊಗೆ ಹೊರಗೆ ನುಗ್ಗುವುದೂ ಸರಿಯಾಗಿ ಅಷ್ಟೇ ಸಲ. ತಾಳ ಒಂದೇ, ಜಾಗವೂ ಒಂದು ಗೇಣಿನ ಅಂತರದಲ್ಲಿ. ಬರೀ ಕಿವಿ ನಂಬಿದರೆ ಮೋಸ ಹೋಗುವುದು ಸಹಜ. ಆದರೆ ಇಂಜಿನ್ನಿಗೆ ಭಾರ ಬಿದ್ದಾಗ ಟ್ಯಾಪೆಟ್ ಸದ್ದು ಅಷ್ಟಾಗಿ ಬದಲಾಗುವುದಿಲ್ಲ, ಸೋರಿಕೆ ಜೋರಾಗುತ್ತದೆ. ಲೋಹ ಬಿಸಿಯಾಗಿ ಹಿಗ್ಗಿದಾಗ ಸಂದಿ ಮುಚ್ಚಿ ಸೋರಿಕೆ ತಗ್ಗುತ್ತದೆ. ಆಕ್ಸಿಲರೇಟರ್ ಬಿಟ್ಟಾಗ ಅದೇ ಸಂದಿಯಿಂದ ಗಾಳಿ ಒಳಗೆ ಹೋಗಿ, ಪೈಪಿನಲ್ಲಿ ಉಳಿದ ಪೆಟ್ರೋಲ್ ಹೊತ್ತಿಕೊಂಡು ಚಟ್ ಪಟ್ ಅನ್ನುತ್ತದೆ. ಹುಡುಗ ಹೇಳಿದ ಮೂರೂ ಮಾತು ಅಲ್ಲಿಗೇ ಬೆರಳು ತೋರಿಸುತ್ತಿದ್ದವು.

ಕೇಳುವುದು ಅಂದರೆ ಕಿವಿಯ ಕೆಲಸವೂ ಹೌದು, ಪ್ರಶ್ನೆ ಹಾಕುವುದೂ ಹೌದು. ನಾನು ಎಷ್ಟೋ ವರ್ಷ ಒಂದನ್ನೇ ಮಾಡುತ್ತಿದ್ದೆ. ಈಗ ಸದ್ದಿನ ಕಂಪ್ಲೇಂಟ್ ಬಂದರೆ ಕೀ ಇಸ್ಕೊಳ್ಳುವ ಮೊದಲು ಐದು ನಿಮಿಷ ಮಾತಾಡುತ್ತೇನೆ. ಎಂಥಾ ಸದ್ದು ಅಂತ ಕೇಳುವುದಕ್ಕಿಂತ ಯಾವಾಗ ಅಂತ ಕೇಳಿದರೆ ಹೆಚ್ಚು ಪ್ರಯೋಜನ. ಒಂದೇ ಸದ್ದಿಗೆ ಒಬ್ಬರು ಕಟಕಟ ಅಂತಾರೆ, ಇನ್ನೊಬ್ಬರು ಗರಗರ ಅಂತಾರೆ. ತಣ್ಣಗಿದ್ದಾಗಲೋ ಬಿಸಿಯಾದಾಗಲೋ ಅನ್ನುವುದರಲ್ಲಿ ಯಾರೂ ತಪ್ಪುವುದಿಲ್ಲ.

ಬೆಳಗ್ಗೆ ಮೊದಲ ಎರಡು ನಿಮಿಷ ಮಾತ್ರ, ಪಿಸ್ಟನ್ ಓಡಾಡುವ ಬೋರ್ ಕಡೆಯಿಂದ ಕಟಕಟ ಅಂದರೆ ಪಿಸ್ಟನ್ ಇರಬಹುದು. ಪಿಸ್ಟನ್ ಅಲ್ಯೂಮಿನಿಯಂನದು, ಅದು ಕಬ್ಬಿಣಕ್ಕಿಂತ ಸುಮಾರು ಎರಡು ಪಟ್ಟು ಹಿಗ್ಗುತ್ತದೆ. ಕಬ್ಬಿಣದ ಲೈನರ್ ಇರುವ ಬೋರಿನಲ್ಲಿ ತಣ್ಣಗಿರುವ ಪಿಸ್ಟನ್ ಸ್ವಲ್ಪ ಸಡಿಲವಾಗಿದ್ದು ಗೋಡೆಗೆ ತಟ್ಟುತ್ತದೆ, ಬಿಸಿಯಾಗುತ್ತಾ ಸರಿಹೋಗುತ್ತದೆ. ಸ್ಟಾರ್ಟ್ ಆದ ಕೂಡಲೇ ಒಂದೆರಡು ಸೆಕೆಂಡು ಮಾತ್ರ, ಕ್ಯಾಮ್ ತಿರುಗಿಸುವ ಟೈಮಿಂಗ್ ಚೈನ್ ಕಡೆ ಗಲಗಲ ಅಂದರೆ, ಆಯಿಲ್ ಒತ್ತಡದಿಂದ ಆ ಚೈನನ್ನು ಬಿಗಿಯಾಗಿಡುವ ಟೆನ್ಷನರ್ ಇರುವ ಗಾಡಿಗಳಲ್ಲಿ ಒತ್ತಡ ಏರುವ ತನಕದ ಸದ್ದು ಅದು. ಬಿಸಿಯಾದ ಮೇಲೂ ಅದೇ ಗಲಗಲ ಉಳಿದರೆ ಟೆನ್ಷನರ್ ನೋಡಲೇಬೇಕು. ಹೊಸ ಗಾಡಿ, ತಾನೇ ಸೆಟ್ ಆಗುತ್ತೆ ಅಂತ ಕಳಿಸಬಾರದು.

ನನಗೆ ತುಂಬಾ ಇಷ್ಟವಾದ ಪರೀಕ್ಷೆ ಕ್ಲಚ್ಚಿನದು. ಗಾಡಿ ನ್ಯೂಟ್ರಲ್‌ನಲ್ಲಿ ಓಡುತ್ತಿರಲಿ, ಬಲಗಡೆ ಕವರಿನಿಂದ ಗರಗರ ಬರುತ್ತಿರಲಿ. ಕ್ಲಚ್ ಲಿವರ್ ಹಿಡಿಯಿರಿ. ಸದ್ದು ನಿಂತರೆ ಅಥವಾ ಬದಲಾದರೆ ಅದು ಕ್ಲಚ್, ಗೇರ್ ಬಾಕ್ಸ್ ಕಡೆಯದು. ಲಿವರ್ ಹಿಡಿದರೂ ಬಿಟ್ಟರೂ ಒಂದೇ ಥರ ಇದ್ದರೆ ಇಂಜಿನ್ ಕಡೆ ಹುಡುಕಬೇಕು. ಯಾವ ಟೂಲೂ ಬೇಡ, ಒಂದು ಬೋಲ್ಟೂ ಬಿಚ್ಚಬೇಕಿಲ್ಲ, ಹುಡುಕುವ ಜಾಗ ಅರ್ಧಕ್ಕೆ ಇಳಿಯಿತು. ನ್ಯೂಟ್ರಲ್‌ನಲ್ಲಿ ಸ್ವಲ್ಪ ಗರಗರ ಬಹಳ ಗಾಡಿಗಳಲ್ಲಿ ಇರುತ್ತದೆ, ಅದಕ್ಕೆ ಹೆದರಬೇಕಿಲ್ಲ.

ಯಾವ ಸ್ಪೀಡಿನಲ್ಲಿ ಅನ್ನುವುದೂ ಮುಖ್ಯ. ಒಂದೇ ಒಂದು ಆರ್‌ಪಿಎಂನಲ್ಲಿ ಝೊಂಯ್ ಅಂತ ಬಂದು, ಮುಂದಕ್ಕೆ ಹೋದರೆ ಮಾಯವಾದರೆ ಅದು ಹೆಚ್ಚಾಗಿ ಇಂಜಿನ್ ಒಳಗಿನದಲ್ಲ. ನಂಬರ್ ಪ್ಲೇಟು, ಸೈಲೆನ್ಸರ್ ಗಾರ್ಡು, ಸೈಡ್ ಪ್ಯಾನಲ್ಲು, ಸೀಟಿನ ಕೆಳಗಿನ ಟೂಲ್ ಕಿಟ್ಟು ಹೀಗೆ ಏನೋ ಒಂದು ನಡುಗುತ್ತಿರುತ್ತದೆ. ಒಂದೊಂದನ್ನೇ ಕೈಯಿಂದ ಒತ್ತಿ ಹಿಡಿದು ರೇಸ್ ಮಾಡಿದರೆ ಗೊತ್ತಾಗುತ್ತದೆ. ಟಾಪ್ ಗೇರಿನಲ್ಲಿ ನಿಧಾನ ಹೋಗುತ್ತಾ ಆಕ್ಸಿಲರೇಟರ್ ತಿರುಪಿದಾಗ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಬಂದರೆ ಇಂಜಿನ್ ಏದುಸಿರು ಬಿಡುತ್ತಿದೆ ಅಂತ ಅರ್ಥ. ಗೇರ್ ಇಳಿಸಬೇಕು. ರನ್ನಿಂಗ್ ಇನ್ (ಹೊಸ ಇಂಜಿನ್ ಪಳಗಿಸುವ ಮೊದಲ ದಿನಗಳು) ಅಂದರೆ ಬರೀ ನಿಧಾನ ಹೋಗುವುದು ಅಂದುಕೊಂಡವರು ಇದನ್ನು ಜಾಸ್ತಿ ಮಾಡುತ್ತಾರೆ. ಹೊಸ ಇಂಜಿನ್ನಿಗೆ ಹೆಚ್ಚು ಹೊತ್ತು ಒಂದೇ ಸಮ ರೇಸ್ ಮಾಡುವುದು ಎಷ್ಟು ಕೆಟ್ಟದ್ದೋ, ಮೇಲಿನ ಗೇರಿನಲ್ಲಿ ಎಳೆದಾಡುವುದೂ ಅಷ್ಟೇ ಕೆಟ್ಟದ್ದು.

ಇನ್ನೊಂದು ಪ್ರಶ್ನೆ ಯಾವತ್ತೂ ಬಿಡುವುದಿಲ್ಲ. ತಗೊಂಡ ಮೇಲೆ ಗಾಡಿಗೆ ಏನಾದರೂ ಹಾಕಿಸಿದ್ರಾ? ಒಬ್ಬರ ಗಾಡಿಯಲ್ಲಿ ಪಿಕಪ್ ಕೊಟ್ಟಾಗಲೆಲ್ಲ ಕೆಳಗಿನಿಂದ ಧಡ್ ಅನ್ನುತ್ತಿತ್ತು. ಇಂಜಿನ್ ಒಳಗಿನ ಕನೆಕ್ಟಿಂಗ್ ರಾಡ್ ಹೋಯ್ತು ಅಂತ ಯಾರೋ ಹೇಳಿ ಅವರು ಒಂದು ವಾರ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಕೇಳಿದಾಗ, ಹೊರಗಡೆ ಕ್ರ್ಯಾಶ್ ಗಾರ್ಡ್ ಹಾಕಿಸಿದ್ದು ಗೊತ್ತಾಯಿತು. ಆ ಗಾರ್ಡ್ ಕೂರುವುದು ಇಂಜಿನ್ ಮೌಂಟಿಂಗ್ ಬೋಲ್ಟಿಗೆ. ಹಾಕಿದವರು ಬೋಲ್ಟ್ ಬಿಚ್ಚಿ, ಗಾರ್ಡ್ ಸೇರಿಸಿ, ಮತ್ತೆ ಪೂರ್ತಿ ಬಿಗಿ ಮಾಡಿರಲಿಲ್ಲ. ಆಕ್ಸಿಲರೇಟರ್ ತಿರುಪಿದಾಗಲೆಲ್ಲ ಇಂಜಿನ್ನೇ ಚಾಸಿಗೆ ಗುದ್ದುತ್ತಿತ್ತು. ಟಾರ್ಕ್ ರೆಂಚ್ ಹಾಕಿ ಬಿಗಿ ಮಾಡಿದ್ದಷ್ಟೇ.

ಇದೆಲ್ಲ ಕೇಳಿಯಾದ ಮೇಲೆ ಕಿವಿಯ ಸರದಿ. ಸ್ಟೆತಾಸ್ಕೋಪ್ ಇದ್ದರೆ ಒಳ್ಳೆಯದು. ಇಲ್ಲದಿದ್ದರೆ ಉದ್ದನೆಯ ಸ್ಕ್ರೂ ಡ್ರೈವರ್ ಸಾಕು. ತುದಿಯನ್ನು ಇಂಜಿನ್ ಮೇಲಿಟ್ಟು, ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಬೇಕು. ಚೈನು, ಫ್ಯಾನು ಏನೂ ತಿರುಗದ ಜಾಗ ನೋಡಿಕೊಂಡು ಮಾಡಬೇಕು. ಹೆಡ್ ಕವರು, ಬೋರು, ಕ್ಲಚ್ ಕವರು, ಮ್ಯಾಗ್ನೆಟ್ ಕವರು ಅಂತ ಜಾಗ ಬದಲಿಸುತ್ತಾ ಹೋದರೆ ಎಲ್ಲೋ ಒಂದು ಕಡೆ ಸದ್ದು ದಪ್ಪಗಾಗಿ ತಲೆಯೊಳಗೇ ಬಡಿದ ಹಾಗೆ ಕೇಳಿಸುತ್ತದೆ. ಹತ್ತಿರ ಬಂದಿದ್ದೀವಿ ಅಂತ ಅರ್ಥ. ಆದರೆ ಲೋಹ ಸದ್ದನ್ನು ದೂರ ಸಾಗಿಸುತ್ತದೆ. ಅದಕ್ಕೇ ಎರಡು ಮೂರು ಜಾಗ ಹೋಲಿಸದೆ ತೀರ್ಮಾನ ಮಾಡುವುದಿಲ್ಲ.

ಹೊಸಬರು ಗಾಬರಿಯಾಗುವ ಕೆಲವು ಸದ್ದುಗಳಿಗೆ ರಿಪೇರಿಯೇ ಬೇಡ. ಕೀ ಆನ್ ಮಾಡಿದಾಗ ಕೆಲವು ಸೆಕೆಂಡು ಸೊಂಯ್ ಅನ್ನುವುದು ಫ್ಯೂಯೆಲ್ ಪಂಪ್. ಆಫ್ ಮಾಡಿದ ಮೇಲೆ ಟಣ್ ಟಿಣ್ ಅನ್ನುವುದು ಸೈಲೆನ್ಸರ್ ತಣಿದು ಕುಗ್ಗುವ ಸದ್ದು.

ಹೆದರಬೇಕಾದದ್ದು ಬೇರೆ ಇದೆ. ತಳದಿಂದ ಸುತ್ತಿಗೆಯಲ್ಲಿ ಹೊಡೆದ ಹಾಗೆ ದಪ್ಪ ಸದ್ದು ಬಂದು, ಪಿಕಪ್ ಕೊಟ್ಟಾಗ ಇನ್ನೂ ಜೋರಾದರೆ, ಅಥವಾ ಯಾವುದೇ ಸದ್ದಿನ ಜೊತೆ ಆಯಿಲ್ ಲೈಟ್ ಹತ್ತಿದರೆ, ಆ ಕ್ಷಣವೇ ಇಂಜಿನ್ ಆಫ್ ಮಾಡಿ. ಹತ್ತಿರದಲ್ಲೇ ಗ್ಯಾರೇಜ್ ಇದೆ ಅಂತ ಓಡಿಸಿಕೊಂಡು ಬರಬೇಡಿ, ತಳ್ಳಿಕೊಂಡೋ ಎತ್ತಿಸಿಕೊಂಡೋ ಬನ್ನಿ. ಇನ್ನು ಯಾವ ಸದ್ದೇ ಇರಲಿ, ಬೇರೇನೂ ಮುಟ್ಟುವ ಮೊದಲು ಗಾಡಿಯನ್ನು ಸಮತಟ್ಟಾದ ನೆಲದಲ್ಲಿ ನೆಟ್ಟಗೆ ನಿಲ್ಲಿಸಿ ಆಯಿಲ್ ಮಟ್ಟ ನೋಡಿ. ಸೈಡ್ ಸ್ಟ್ಯಾಂಡಿನಲ್ಲಿ ನೋಡಿದರೆ ಲೆಕ್ಕ ತಪ್ಪುತ್ತದೆ.

ಆವತ್ತು ಪ್ಯಾಕಿಂಗ್ ಬದಲಿಸಿದ ಮೇಲೆ ನನ್ನ ಇನ್ನೊಂದು ಕೆಲಸ ಬಾಕಿ ಇತ್ತು. ನಾನೇ ಬಿಗಿ ಮಾಡಿದ್ದ ಟ್ಯಾಪೆಟ್. ಹಲವು ಸಣ್ಣ ಗಾಡಿಗಳಲ್ಲಿ ಆ ಗ್ಯಾಪ್ 0.05ರಿಂದ 0.10 ಮಿಲಿಮೀಟರ್ ಆಸುಪಾಸು, ನಮ್ಮ ತಲೆಗೂದಲಿನ ದಪ್ಪದಷ್ಟು. ಎಷ್ಟು ಅಂತ ಗಾಡಿಯಿಂದ ಗಾಡಿಗೆ ಬದಲಾಗುತ್ತದೆ, ಮ್ಯಾನುಯಲ್ ನೋಡಿಯೇ ಇಡಬೇಕು. ಅದೂ ಇಲ್ಲದಂತೆ ಬಿಗಿ ಮಾಡಿದರೆ ಇಂಜಿನ್ ಬಿಸಿಯಾದಾಗ ವಾಲ್ವ್ ಪೂರ್ತಿ ಮುಚ್ಚಿಕೊಳ್ಳುವುದಿಲ್ಲ. ಹೊಗೆ ಬಿಡುವ ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಹೆಚ್ಚಾಗಿ ಇಳಿಸಿಕೊಳ್ಳುವುದು ಹೆಡ್ಡಿನಲ್ಲಿರುವ ತನ್ನ ಸೀಟಿಗೆ ಒತ್ತಿ ಕೂತಾಗ. ಕೂರಲು ಆಗದಿದ್ದರೆ ಸುಟ್ಟುಹೋಗುತ್ತದೆ. ಸದ್ದಿಲ್ಲದೆ ಕೆಡುವುದರಿಂದ ಗಾಡಿಯವರಿಗೆ ಗೊತ್ತೂ ಆಗುವುದಿಲ್ಲ.

ಇಂಜಿನ್ ತಣಿಯುವ ತನಕ ಹುಡುಗನ ಜೊತೆ ಕೂತಿದ್ದೆ. ಬೇಡದೆ ಬಿಗಿ ಮಾಡಿದ್ದೆ, ಈಗ ಸರಿಯಾದ ಅಳತೆಗೆ ತರ್ತೀನಿ ಅಂತ ನೇರವಾಗಿಯೇ ಹೇಳಿದೆ. ಅವನು ಬೈಯಲಿಲ್ಲ. ಪಕ್ಕದಲ್ಲೇ ನಿಂತು ಫೀಲರ್ ಗೇಜ್ ಎಲ್ಲಿ ತೂರುತ್ತೆ ಅಂತ ನೋಡಿದ. ಗೇಜನ್ನು ಅವನ ಕೈಗೇ ಕೊಟ್ಟು, ಪಟ್ಟಿ ತುಸು ಹಿಡಿದುಕೊಂಡು ಜಾರುವುದು ಹೇಗೆ ಅನಿಸುತ್ತೆ ಅಂತ ತೋರಿಸಿದೆ. ಕವರ್ ಹಾಕಿ ಸ್ಟಾರ್ಟ್ ಮಾಡಿದೆವು. ಅವನು ಹೆಡ್ ಕಡೆ ಬಗ್ಗಿದ.

"ಸರ್, ಇನ್ನೂ ಸಣ್ಣಗೆ ಟಿಕ್ ಟಿಕ್ ಇದೆಯಲ್ಲ?"

"ಇದು ಟ್ಯಾಪೆಟ್," ಅಂದೆ. "ಇದು ಇರ್ಬೇಕು."