ಕ್ರೀಡಾಪಟುಗಳ ದಿನಚರಿಯಲ್ಲಿ ನಮಗೆ ಕಾಣದ ಭಾಗ

ಬಳ್ಳಾರಿಯಲ್ಲಿ ಈಚೆಗೆ ಜಿಮ್‌ಗಳು ಹೆಚ್ಚಾಗಿವೆ, ಬೆಳಗಿನ ಹೊತ್ತು ಮೈದಾನಗಳಲ್ಲಿ ಓಡುವವರೂ ಹೆಚ್ಚಾಗಿದ್ದಾರೆ. ಇದು ನನಗೆ ನಿಜಕ್ಕೂ ಸಂತೋಷದ ಸಂಗತಿ. ಆದರೆ ಹೊಸದಾಗಿ ವ್ಯಾಯಾಮಕ್ಕೆ ಇಳಿದ ಹುಡುಗರು ಒಲಿಂಪಿಕ್ಸ್ ಕ್ರೀಡಾಪಟುಗಳ ಊಟವನ್ನೂ ತಾಲೀಮನ್ನೂ ಮೊಬೈಲ್‌ನಲ್ಲಿ ನೋಡಿ, ಮೊದಲ ವಾರದಿಂದಲೇ ಹಾಗೆಯೇ ಅನುಸರಿಸಲು ಹೊರಡುವುದನ್ನು ಕಂಡಾಗ ಆತಂಕವಾಗುತ್ತದೆ. ಆ ಕ್ರೀಡಾಪಟುಗಳನ್ನು ಕಾಪಾಡುವ ವ್ಯವಸ್ಥೆ ಇಂಥ ವಿಡಿಯೊಗಳಲ್ಲಿ ಕಾಣಿಸುವುದೇ ಅಪರೂಪ.

2008ರ ಬೀಜಿಂಗ್ ಒಲಿಂಪಿಕ್ಸ್‌ನಲ್ಲಿ ಎಂಟು ಚಿನ್ನ ಗೆದ್ದ ಈಜುಗಾರ ಮೈಕೆಲ್ ಫೆಲ್ಪ್ಸ್ ದಿನಕ್ಕೆ 12,000 ಕ್ಯಾಲೊರಿ ತಿನ್ನುತ್ತಾರೆಂಬ ಸುದ್ದಿ ಲೋಕವೆಲ್ಲ ಹರಡಿತ್ತು. ಅಷ್ಟೊಂದು ತಿನ್ನುತ್ತಿರಲಿಲ್ಲವೆಂದು ಅವರೇ ನಂತರ ಹೇಳಿದರೂ ಸುದ್ದಿ ಮಾತ್ರ ಉಳಿದುಕೊಂಡಿತು.

ತೂಕ ಇಳಿಸುವ ವಿಷಯ ಇನ್ನೂ ಗಂಭೀರವಾದದ್ದು. 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಕುಸ್ತಿಯ 50 ಕೆ.ಜಿ. ವಿಭಾಗದ ಫೈನಲ್ ತಲುಪಿದ್ದ ವಿನೇಶ್ ಫೋಗಟ್, ರಾತ್ರಿಯಿಡೀ ಬೆವರಿಳಿಸಿ, ಕೂದಲನ್ನೂ ಕತ್ತರಿಸಿಕೊಂಡು, ಮರುದಿನ ಬೆಳಿಗ್ಗೆ ಕೇವಲ 100 ಗ್ರಾಂ ಹೆಚ್ಚಿದ್ದ ಕಾರಣಕ್ಕೆ ಅನರ್ಹರಾದದ್ದು ನಮಗೆಲ್ಲ ನೆನಪಿದೆ. ಕುಸ್ತಿಪಟುಗಳು ಹೀಗೆ ಇಳಿಸುವುದು ಬಹುಪಾಲು ಮೈಯ ನೀರನ್ನೇ ಹೊರತು ಬೊಜ್ಜನ್ನಲ್ಲ; ನೀರು ಕುಡಿದ ಕೂಡಲೇ ಆ ತೂಕ ಮರಳುತ್ತದೆ. ವೈದ್ಯರ ತಂಡವೇ ಜೊತೆಗಿದ್ದವರಿಗೂ ಅದು ಅಷ್ಟು ಕಷ್ಟವಾಗಿರುವಾಗ, 40 ಡಿಗ್ರಿ ದಾಟುವ ನಮ್ಮ ಬಳ್ಳಾರಿ, ರಾಯಚೂರಿನ ಬೇಸಿಗೆಯಲ್ಲಿ ಮಳೆಕೋಟು ತೊಟ್ಟು, ನೀರು ಕುಡಿಯದೆ ಓಡುವುದು ಜೀವಕ್ಕೇ ಅಪಾಯ. ಅಭ್ಯಾಸವಿಲ್ಲದ ದೇಹವನ್ನು ಒಮ್ಮೆಲೇ ಅತಿಯಾಗಿ ದಣಿಸಿದರೆ ಸ್ನಾಯುಗಳು ಒಡೆದು, ಮೂತ್ರ ಕಡುಕಂದು ಬಣ್ಣಕ್ಕೆ ತಿರುಗಿ, ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದೂ ಉಂಟು. ಹಾಗಾದಾಗ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ನನ್ನ ಅಕ್ಕನ ಮಗ ಡಿಗ್ರಿ ಎರಡನೆಯ ವರ್ಷದಲ್ಲಿದ್ದಾನೆ. ಯಾರದೋ ಡಯಟ್ ಚಾರ್ಟನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಕೊಂಡು, ರೊಟ್ಟಿ ಬಿಟ್ಟು, ಬೆಳಿಗ್ಗೆ ಆರು ಮೊಟ್ಟೆ ಬೇಯಿಸಿ ಹಳದಿಯನ್ನೆಲ್ಲ ಬದಿಗೆ ಸರಿಸುತ್ತಿದ್ದ. ಡಬ್ಬಿಗಟ್ಟಲೆ ಪ್ರೋಟೀನ್ ಪೌಡರಿನ ಖರ್ಚು ಬೇರೆ. ಒಂದು ದಿನ ಅವನ ಜೊತೆ ಕುಳಿತು ಲೆಕ್ಕ ಹಾಕಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಪ್ರಕಾರ ವಯಸ್ಕರಿಗೆ ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 0.83 ಗ್ರಾಂ ಪ್ರೋಟೀನ್ ಬೇಕು; 60 ಕೆ.ಜಿ. ತೂಗುವ ಅವನಿಗೆ ಅದು 50 ಗ್ರಾಂ. ವ್ಯಾಯಾಮಕ್ಕೆಂದು ಸ್ವಲ್ಪ ಹೆಚ್ಚು ಹಿಡಿದರೂ ಅಡುಗೆಮನೆಯಲ್ಲೇ ಅದು ಸಿಗುತ್ತದೆ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ, ತೊಗರಿಬೇಳೆಯಲ್ಲಿ 22, ಶೇಂಗಾದಲ್ಲಿ 24 ಗ್ರಾಂ ಪ್ರೋಟೀನ್ ಇರುತ್ತದೆ. ರೊಟ್ಟಿಗೆ ಬೇಳೆ ಹಾಕಿದ ಪುಂಡಿಪಲ್ಯ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಹಳದಿಯೂ ಸೇರಿ ಎರಡು ಮೊಟ್ಟೆ ಇದ್ದರೆ ಡಬ್ಬಿಯ ಅಗತ್ಯ ಬೀಳುವುದಿಲ್ಲ. ಜೋಳದಲ್ಲಿ ಕಡಿಮೆಯಿರುವ ಲೈಸಿನ್ ಎಂಬ ಅಂಶವನ್ನು ಬೇಳೆ ತುಂಬಿಕೊಡುತ್ತದೆ. ನಮ್ಮ ಹಿರಿಯರ ಈ ಜೋಡಣೆಯ ಬಗ್ಗೆ ನನಗೆ ಅಪಾರ ಗೌರವವಿದೆ.

ಹಾಗಾದರೆ ಕ್ರೀಡಾಪಟುಗಳಿಂದ ಕಲಿಯುವುದು ಏನೂ ಇಲ್ಲವೇ? ಬಹಳಷ್ಟಿದೆ. 2019ರಲ್ಲಿ ವಿಯೆನ್ನಾದಲ್ಲಿ ಮ್ಯಾರಥಾನ್ ದೂರವನ್ನು ಎರಡು ಗಂಟೆಯೊಳಗೆ ಓಡಿದ ಎಲಿಯುಡ್ ಕಿಪ್ಚೊಗೆ ವಾರಕ್ಕೆ 200 ಕಿ.ಮೀ.ಗೂ ಹೆಚ್ಚು ಓಡುತ್ತಿದ್ದರು. ಅದರಲ್ಲಿ ಹೆಚ್ಚಿನದು ಅವರ ಮಟ್ಟಕ್ಕೆ ನಿಧಾನದ ಓಟ, ಮತ್ತು ಅದರ ಹಿಂದೆ ಹಲವು ವರ್ಷಗಳ ಅಭ್ಯಾಸವಿತ್ತು. ನಮ್ಮದೇ ಜಿಲ್ಲೆಯ ತೋರಣಗಲ್ಲು ಬಳಿ 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ಕೋಚ್‌ಗಳ ಜೊತೆಗೆ ಫಿಸಿಯೋಥೆರಪಿಸ್ಟ್‌ಗಳು, ಆಹಾರ ತಜ್ಞರೂ ಇರುವುದು ಸುಮ್ಮನೆ ಅಲ್ಲ. ನಿದ್ದೆ, ವಿಶ್ರಾಂತಿ, ಗಾಯದ ಆರೈಕೆಗಳನ್ನೂ ಅಂಥ ಕಡೆ ತರಬೇತಿಯ ಭಾಗವೆಂದೇ ಎಣಿಸುತ್ತಾರೆ.

ಮಾತನಾಡುತ್ತಲೇ ಮಾಡಬಹುದಾದ ವೇಗದಲ್ಲಿ ವಾರಕ್ಕೆ 150 ನಿಮಿಷದ ನಡಿಗೆ ಅಥವಾ ಓಟ, ಎರಡು ದಿನ ಸ್ನಾಯು ಬಲಪಡಿಸುವ ವ್ಯಾಯಾಮ: ವಿಶ್ವ ಆರೋಗ್ಯ ಸಂಸ್ಥೆ ಸಾಮಾನ್ಯರಿಗೆ ಕನಿಷ್ಠವೆಂದು ಹೇಳುವುದು ಇಷ್ಟನ್ನೇ. ಬೇಸಿಗೆಯಲ್ಲಾದರೆ ಬಿಸಿಲೇರುವ ಮೊದಲೇ ಮುಗಿಸಬೇಕು. ಸಕ್ಕರೆ ಕಾಯಿಲೆ, ಬಿಪಿ, ಮೂತ್ರಪಿಂಡದ ತೊಂದರೆ ಇರುವವರು ಪೌಡರ್ ಕೊಳ್ಳುವ ಮುನ್ನ ವೈದ್ಯರನ್ನು ಕೇಳಲೇಬೇಕು. ಅಂಗಡಿಯವರ ಮಾತಾಗಲಿ, ಜಿಮ್‌ನ ಗೆಳೆಯನ ಮಾತಾಗಲಿ ಅದಕ್ಕೆ ಸಾಲದು.