ಪರದೆಯ ಮೇಲೆ ಮುಚ್ಚಿದ್ದ ಹೋಟೆಲ್

ಬೆಂಗಳೂರಿನ ಆರು ಕಡೆ ಶಾಖೆಗಳಿರುವ ಒಂದು ದರ್ಶಿನಿಯ ಮೆನು ಪರದೆಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಕ್ಯಾಶ್ ಕೌಂಟರಿನ ಮೇಲಿನ ಟಿವಿಗಳಲ್ಲಿ ಬೆಳಿಗ್ಗೆ 6ರಿಂದ 11.30ರವರೆಗೆ ಇಡ್ಲಿ, ವಡೆ, ಖಾರಾಬಾತ್, 3.30ರವರೆಗೆ ಊಟ, ರಾತ್ರಿ 10.30ರವರೆಗೆ ಸಂಜೆಯ ತಿಂಡಿ. ಅಲ್ಲಿಂದ ಬೆಳಗಿನವರೆಗೆ ‘ಹೋಟೆಲ್ ಮುಚ್ಚಿದೆ, ಬೆಳಿಗ್ಗೆ 6ಕ್ಕೆ ಬನ್ನಿ’ ಎಂಬ ಒಂದೇ ಚಿತ್ರ. ಈ ಶೆಡ್ಯೂಲನ್ನು ಒಮ್ಮೆ ಬರೆದಿಟ್ಟರೆ ಪ್ರತಿ ಟಿವಿಯ ಹಿಂದಿರುವ ಸಣ್ಣ ಪ್ಲೇಯರ್ ಪೆಟ್ಟಿಗೆ ಅದನ್ನು ಇಳಿಸಿಕೊಂಡು ತನ್ನ ಗಡಿಯಾರ ನೋಡಿಕೊಂಡು ನಡೆಸುತ್ತದೆ.

ಮಲ್ಲೇಶ್ವರದ ಶಾಖೆಯ ಎರಡು ಪೆಟ್ಟಿಗೆಗಳು ಕಾವಿಗೆ ಕೆಟ್ಟಿದ್ದರಿಂದ, ಒಂದು ಗುರುವಾರ ರಾತ್ರಿ ಅಂಗಡಿ ಮುಚ್ಚಿದ ಮೇಲೆ 11 ಗಂಟೆಯ ಹೊತ್ತಿಗೆ ಹೊಸವನ್ನು ಜೋಡಿಸಿದೆ. ಪರದೆಯ ಮೇಲೆ ಮಸಾಲೆ ದೋಸೆ, ಗೋಳಿಬಜೆ ಮೂಡಿದ್ದನ್ನು ಕಂಡು ಕೆಲಸ ಮುಗಿಯಿತೆಂದು ಮನೆಗೆ ಬಂದೆ. ಆ ಹೊತ್ತಿನಲ್ಲಿ ಕಾಣಬೇಕಾಗಿದ್ದುದು ಗೋಳಿಬಜೆಯಲ್ಲ, ‘ಮುಚ್ಚಿದೆ’ ಎಂಬ ಚಿತ್ರ ಎನ್ನುವುದು ನನಗೆ ಹೊಳೆಯಲೇ ಇಲ್ಲ.

ಮರುದಿನ ಬೆಳಿಗ್ಗೆ 6.20ಕ್ಕೆ ಆ ಶಾಖೆಯ ಮ್ಯಾನೇಜರ್ ಫೋನ್ ಮಾಡಿದರು. ಕುಂದಾಪುರದ ಕಡೆಯವರು, ಸಿಟ್ಟು ಬಂದರೂ ದನಿ ಏರಿಸದವರು. “ಎಂತ ಮಾರಾಯ್ರೆ, ನಾವು ಬಾಗಿಲು ತೆಗೆದು ಇಪ್ಪತ್ತು ನಿಮಿಷ ಆಯ್ತು. ನಿಮ್ಮ ಟಿವಿ ಮಾತ್ರ ಮುಚ್ಚಿದೆ ಅಂತ ಹೇಳ್ತಾ ಉಂಟು” ಎಂದರು. ವಾಕಿಂಗ್ ಮುಗಿಸಿ ಕಾಫಿಗೆ ಬಂದ ಹಿರಿಯರು ಬೋರ್ಡ್ ಓದಿ ಹಿಂದಿರುಗುತ್ತಿದ್ದರಂತೆ. ಮೊಬೈಲಿನಲ್ಲಿ ಡ್ಯಾಶ್‌ಬೋರ್ಡ್ ತೆರೆದರೆ ಎಲ್ಲ ಪೆಟ್ಟಿಗೆಗಳ ಮುಂದೆಯೂ ಹಸಿರು ಚುಕ್ಕೆ. ಆ ಚುಕ್ಕೆಗೆ ಪೆಟ್ಟಿಗೆ ಇಂಟರ್‌ನೆಟ್ಟಿಗೆ ಸಿಕ್ಕಿದೆ ಎಂಬುದಷ್ಟೇ ಗೊತ್ತು. ಗಿರಾಕಿಯ ಕಣ್ಣಿಗೆ ಏನು ಬೀಳುತ್ತಿದೆ ಎಂಬುದು ಗೊತ್ತಿಲ್ಲ.

ಅವಸರದಲ್ಲಿ ನಾನು ಮಾಡಿದ ಕೆಲಸವೇ ಮುಂದಿನ ಪಜೀತಿಗೆ ಕಾರಣವಾಯಿತು. ಶೆಡ್ಯೂಲನ್ನು ಬದಿಗಿಟ್ಟು ಬೇಕಾದ ಚಿತ್ರವನ್ನು ಕೂಡಲೇ ತೋರಿಸುವ ತುರ್ತು ಆದೇಶವೊಂದು ಈ ಪರದೆಗಳನ್ನು ನಡೆಸುವ ತಂತ್ರಾಂಶದಲ್ಲಿದೆ. ಮಲ್ಲೇಶ್ವರದ ಬೆಳಗಿನ ಮೆನುವನ್ನು ಅದರ ಮೂಲಕ ಕಳುಹಿಸಿ, ಬಸ್ಸು ಹತ್ತಿದೆ.

ಅಲ್ಲಿ ಟಿವಿಯ ಕೆಳಗೆ ರಟ್ಟಿನ ಮೇಲೆ ದಪ್ಪ ಅಕ್ಷರಗಳಲ್ಲಿ ‘ಹೋಟೆಲ್ ತೆರೆದಿದೆ’ ಎಂದು ಬರೆದು ಅಂಟಿಸಿದ್ದರು. ಏಣಿ ಹತ್ತಿ ಪೆಟ್ಟಿಗೆಯ ಸೆಟ್ಟಿಂಗ್ ನೋಡಿದಾಗ ಕಾರಣ ಸಿಕ್ಕಿತು. ಗಡಿಯಾರ ಕೆಟ್ಟಿರಲಿಲ್ಲ, ಸೆಕೆಂಡಿನವರೆಗೂ ಸರಿಯಾಗಿತ್ತು; ಆದರೆ ಅದು ಯುಟಿಸಿಯಲ್ಲಿತ್ತು, ಅಂದರೆ ಜಗತ್ತಿನ ಎಲ್ಲ ಸಮಯವಲಯಗಳನ್ನು ಅಳೆಯುವ ಮೂಲ ಸಮಯದಲ್ಲಿ. ನಮ್ಮ ಸಮಯವನ್ನು 82.5 ಡಿಗ್ರಿ ಪೂರ್ವ ರೇಖಾಂಶಕ್ಕೆ ಲೆಕ್ಕ ಹಾಕಿರುವುದರಿಂದ ಯುಟಿಸಿ ನಮಗಿಂತ ಐದೂವರೆ ಗಂಟೆ ಹಿಂದಿರುತ್ತದೆ. ನಮ್ಮ ಬೆಳಗಿನ 6.20 ಆ ಪೆಟ್ಟಿಗೆಗೆ ನಡುರಾತ್ರಿ 12.50, ಹಿಂದಿನ ರಾತ್ರಿಯ 11 ಗಂಟೆ ಅದಕ್ಕೆ ಸಂಜೆ 5.30, ಗೋಳಿಬಜೆಯ ಹೊತ್ತು. ಹಾಗೆಯೇ ಬಿಟ್ಟಿದ್ದರೆ 11.30ಕ್ಕೆ, ಊಟ ಶುರುವಾಗುವ ಗಳಿಗೆಯಲ್ಲಿ, ಇಡ್ಲಿಯ ಮೆನು ಬರುತ್ತಿತ್ತು. ಸಮಯವಲಯಗಳ ಪಟ್ಟಿಯಲ್ಲಿ ‘ಏಷ್ಯಾ/ಕೋಲ್ಕತ್ತಾ’ ಆರಿಸಿ (ಇಡೀ ದೇಶಕ್ಕೆ ಅದೊಂದೇ ಹೆಸರು), ಪೆಟ್ಟಿಗೆಯನ್ನು ಮತ್ತೆ ಚಾಲೂ ಮಾಡಿದಾಗ ಇಡ್ಲಿ, ಖಾರಾಬಾತ್ ಕಾಣಿಸಿದವು. ಸಮಾಧಾನದಿಂದ ಒಂದು ಕಾಫಿ ಕುಡಿದೆ. ಅದು ಶೆಡ್ಯೂಲಿನ ಇಡ್ಲಿಯಲ್ಲ, ನಾನು ಕಳುಹಿಸಿದ ತುರ್ತು ಆದೇಶದ ಇಡ್ಲಿ ಎಂಬುದನ್ನು ಆಗಲೂ ಗಮನಿಸಲಿಲ್ಲ.

9.30ಕ್ಕೆ ಹೊರವರ್ತುಲ ರಸ್ತೆಯ ಶಾಖೆಯ ಹುಡುಗ ಫೋನ್ ಮಾಡಿದ. “ಅಣ್ಣಾ, ಬೋರ್ಡಲ್ಲಿ ಇಡ್ಲಿ ನಲವತ್ತು ಅಂತಿದೆ, ಬಿಲ್ಲಲ್ಲಿ ಐವತ್ತು ಬರ್ತಿದೆ. ಎಲ್ಲರೂ ಜಗಳಕ್ಕೆ ಬರ್ತಿದ್ದಾರೆ.” ಬಾಡಿಗೆ ಹೆಚ್ಚಿರುವುದರಿಂದ ಅಲ್ಲಿ ದರವೂ ಹೆಚ್ಚು. ತುರ್ತು ಆದೇಶದ ಪುಟದಲ್ಲಿ ಮೊದಲೇ ಗುರುತು ಬಿದ್ದಿದ್ದುದು ‘ಎಲ್ಲ ಶಾಖೆಗಳು’ ಎಂಬ ಗ್ರೂಪಿಗೆ. ನಾನು ಅದನ್ನು ಬದಲಿಸಿರಲಿಲ್ಲ, ಮುಗಿಯುವ ಸಮಯವನ್ನೂ ತುಂಬಿರಲಿಲ್ಲ. ಹೀಗಾಗಿ ಮಲ್ಲೇಶ್ವರದ ದರಪಟ್ಟಿ ಮೂರು ಗಂಟೆಗಳಿಂದ ಆರೂ ಶಾಖೆಗಳ ಪರದೆಯ ಮೇಲೆ ನಿಂತಿತ್ತು.

ಆದೇಶವನ್ನು ಅಲ್ಲಿಂದಲೇ ತೆಗೆದುಹಾಕಿದೆ. ಆದರೂ ಹೊರವರ್ತುಲ ರಸ್ತೆಯ ಮೂರು ಟಿವಿಗಳಲ್ಲಿ ಒಂದು ಬದಲಾಗಲಿಲ್ಲ. ಅದರ ಪೆಟ್ಟಿಗೆಗೆ ಆ ಹೊತ್ತಿನಲ್ಲಿ ನೆಟ್ ಇರಲಿಲ್ಲ. ನೆಟ್ ಇಲ್ಲದಾಗಲೂ ಪರದೆ ಖಾಲಿಯಾಗಬಾರದೆಂದು ಪೆಟ್ಟಿಗೆ ಕೊನೆಗೆ ಬಂದ ಆದೇಶವನ್ನು ತನ್ನೊಳಗೆ ಉಳಿಸಿಕೊಳ್ಳುತ್ತದೆ, ಆರಿಸಿ ಹಚ್ಚಿದರೂ ಅದನ್ನೇ ಮತ್ತೆ ತೋರಿಸುತ್ತದೆ. ಬೇರೆ ದಾರಿಯಿಲ್ಲದೆ ಟಿವಿಯನ್ನೇ ಆರಿಸಲು ಹೇಳಿದೆ. ಮಾಲೀಕರು ಮಾತ್ರ ನನ್ನನ್ನು ಏನೂ ಕೇಳದೆ, ಬೋರ್ಡಿನಲ್ಲಿದ್ದ ದರಕ್ಕೇ ಬಿಲ್ ಮಾಡಿ, ಹೆಚ್ಚು ಕೊಟ್ಟವರಿಗೆ ಹತ್ತು ರೂಪಾಯಿ ಹಿಂದಿರುಗಿಸಿ ಎಂದು ಕ್ಯಾಶಿಯರಿಗೆ ಹೇಳಿದರಂತೆ. ಅದು ನನಗೆ ಬೈಗುಳಕ್ಕಿಂತ ಹೆಚ್ಚು ನಾಟಿತು.

ಆ ರಾತ್ರಿ ಒಂದು ಗಂಟೆಯವರೆಗೆ ಕುಳಿತು ‘ಎಲ್ಲ ಶಾಖೆಗಳು’ ಎಂಬ ಗ್ರೂಪನ್ನು ಅಳಿಸಿ, ದರದ ಪ್ರಕಾರ ಎರಡು ಗ್ರೂಪ್ ಮಾಡಿದೆ. ತುರ್ತು ಆದೇಶದ ಅವಧಿಯನ್ನು ಅರ್ಧ ಗಂಟೆಗೆ ಕಟ್ಟಿದೆ. ಪ್ರತಿ ಪರದೆಯ ಮೂಲೆಯಲ್ಲೂ ಪೆಟ್ಟಿಗೆ ನಂಬಿರುವ ಸಮಯ ಸಣ್ಣದಾಗಿ ಕಾಣುವಂತೆ ಮಾಡಿದೆ. ಗಿರಾಕಿಗಳು ಅದನ್ನು ಗಡಿಯಾರವೆಂದುಕೊಂಡಿದ್ದಾರೆ. ಮಲ್ಲೇಶ್ವರದ ಮ್ಯಾನೇಜರ್ ಮಾತ್ರ ದಿನವೂ ಬಾಗಿಲು ತೆಗೆದ ಕೂಡಲೇ ಅದರ ಫೋಟೋ ತೆಗೆದು ನನಗೆ ಕಳುಹಿಸುತ್ತಾರೆ.