ರಿಪೇರಿ ಟೇಬಲ್ಲಿಗೆ ಬಂದ ಪರ್ಸು

ಹೋದ ಮಳೆಗಾಲದಲ್ಲಿ ಒಬ್ಬ ಹುಡುಗ ಅಂಗಡಿಗೆ ಬಂದ. ಜೇಬಿನಿಂದ ಒಂದು ಪರ್ಸು ತೆಗೆದು ಟೇಬಲ್ ಮೇಲಿಟ್ಟ. "ನಾನೇ ಮಾಡಿದ್ದು ಸರ್. ಒಂದು ತಿಂಗಳೂ ಬಾಳಿಕೆ ಬರಲಿಲ್ಲ. ದಾರ ಸರಿ ಇಲ್ಲ ಅನ್ಸುತ್ತೆ. ಗಟ್ಟಿ ದಾರ ಹಾಕಿ ಹೊಲಿದು ಕೊಡ್ತೀರಾ?"

ಕೈಗೆ ತೆಗೆದುಕೊಂಡು ನೋಡಿದೆ. ದಾರಕ್ಕೆ ಏನೂ ಆಗಿರಲಿಲ್ಲ. ಒಂದು ಎಳೆಯೂ ಬಿಟ್ಟಿರಲಿಲ್ಲ. ಹರಿದಿದ್ದು ಚರ್ಮ. ಅದೂ ತೂತಿನಿಂದ ತೂತಿಗೆ ನೆಟ್ಟಗೆ, ಅಂಚೆಚೀಟಿಯ ಹಾಳೆಯಿಂದ ಒಂದು ಚೀಟಿ ಕಿತ್ತ ಹಾಗೆ.

ಬೆಂಗಳೂರಿನ ಒಂದು ಸಣ್ಣ ಚರ್ಮದ ರಿಪೇರಿ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಕೆಲಸ ಮಾಡುತ್ತಿದ್ದೇನೆ. ಬ್ಯಾಗು, ಬೆಲ್ಟು, ಪರ್ಸು, ಆಗೊಮ್ಮೆ ಈಗೊಮ್ಮೆ ತಬಲಾದ ಬಾರು. ಹೊಸದು ಮಾಡುವವರಿಗೆ ತಮ್ಮ ಮಾಲು ಮೂರು ವರ್ಷ ಕಳೆದ ಮೇಲೆ ಹೇಗಿದೆ ಅಂತ ಸಾಮಾನ್ಯವಾಗಿ ಗೊತ್ತಾಗುವುದಿಲ್ಲ. ನಾವು ನೋಡುವುದೇ ಅದನ್ನು. ಈಚೆಗೆ ಮನೆಯಲ್ಲೇ ಹವ್ಯಾಸಕ್ಕೆ ಚರ್ಮದ ಕೆಲಸ ಮಾಡುವವರು ಜಾಸ್ತಿಯಾಗಿದ್ದಾರೆ. ಅವರ ಸಾಮಾನೂ ಟೇಬಲ್ಲಿಗೆ ಬರುತ್ತದೆ. ಬಂದವರೆಲ್ಲ ದಾರವನ್ನು ಬೈಯುತ್ತಾರೆ. ಬಿಚ್ಚಿ ನೋಡಿದರೆ ದಾರ ಪಾಪದ್ದು. ತಪ್ಪು ಆಗಿರುವುದು ಸೂಜಿ ಹಿಡಿಯುವುದಕ್ಕೆ ಮೊದಲೇ.

ಆ ಹುಡುಗನ ಪರ್ಸನ್ನೇ ನೋಡಿ. ಒಂದು ಮಿಲಿಮೀಟರಿಗಿಂತ ತೆಳು ಚರ್ಮ. ಬೆಲ್ಟಿಗೆ ತೂತು ಹೊಡೆಯುವಂಥ ದುಂಡು ಪಂಚ್ ಹಿಡಿದು, 2 ಮಿ.ಮೀ.ಗೆ ಒಂದರಂತೆ ತೂತು ಹೊಡೆದಿದ್ದ. ತೂತಿನ ಅಗಲವೇ 1 ಮಿ.ಮೀ. ಲೆಕ್ಕ ಹಾಕಿ. ಹೊಲಿಗೆ ಹೋಗುವ ಗೆರೆಯಲ್ಲಿ ಅರ್ಧ ಚರ್ಮ ಆಗಲೇ ಇಲ್ಲ. ಅದರಲ್ಲಿ 1 ಮಿ.ಮೀ. ದಾರ ಬಿಗಿಯಾಗಿ ಎಳೆದಿದ್ದಾನೆ. ಪರ್ಸು ಜೇಬಿನಲ್ಲಿ ಮಡಚಿ ಬಿಚ್ಚಿ ಆಗುವಾಗ ಆ ಗಟ್ಟಿ ದಾರವೇ ಗರಗಸವಾಯಿತು. ಇದಕ್ಕೆ ಇನ್ನೂ ಗಟ್ಟಿ ದಾರ ಹಾಕಿದ್ದರೆ ಇನ್ನೂ ಬೇಗ ಹರಿಯುತ್ತಿತ್ತು ಅಷ್ಟೆ.

ಹೊಲಿಗೆಗೆ ದುಂಡು ತೂತು ಬೇಡ. ಓರೆಯಾದ ಸಣ್ಣ ಸೀಳು ಬೇಕು. ಸೀಳಿನಲ್ಲಿ ಚರ್ಮ ಪಕ್ಕಕ್ಕೆ ಸರಿಯುತ್ತದೆ, ಕಳೆದು ಹೋಗುವುದಿಲ್ಲ. ದಾರ ಕೂತ ಮೇಲೆ ಮತ್ತೆ ಮುಚ್ಚಿಕೊಳ್ಳುತ್ತದೆ. ಇದಕ್ಕೆ ಸಾಲಾಗಿ ಹಲ್ಲುಗಳಿರುವ ಉಳಿ ಸಿಗುತ್ತದೆ. ಅಂಗಡಿಯಲ್ಲಿ ನಾವು ಫೋರ್ಕ್ ಅಂತ ಕರೆಯುತ್ತೇವೆ. ಪರ್ಸಿಗೆ ಹಲ್ಲಿನಿಂದ ಹಲ್ಲಿಗೆ 3ರಿಂದ 3.5 ಮಿ.ಮೀ. ದೂರ, ದಾರದ ದಪ್ಪ 0.6 ಮಿ.ಮೀ. ಬ್ಯಾಗಿಗೆ 4 ಮಿ.ಮೀ., ದಾರ 0.8. ದಪ್ಪ ಬೆಲ್ಟಿಗೆ 5 ಮಿ.ಮೀ., ದಾರ 1. ಅಂಚಿನಿಂದ ಸುಮಾರು 3 ಮಿ.ಮೀ. ಒಳಗೆ ಗೆರೆ. ಇದೇನು ವೇದವಾಕ್ಯ ಅಲ್ಲ. ಆದರೆ ಕಲಿಯುವಾಗ ಇದರಿಂದ ತೀರಾ ದೂರ ಹೋಗಬೇಡಿ.

ಕೆಲಸಕ್ಕೆ ಸೇರಿದಾಗ ನಮ್ಮ ಉಸ್ತಾದರು ಎರಡು ತಿಂಗಳು ನನ್ನ ಕೈಗೆ ಸೂಜಿಯನ್ನೇ ಕೊಡಲಿಲ್ಲ. ಬರೀ ತೂತು. ಉಳಿದ ತುಂಡುಗಳನ್ನು ಎರಡೆರಡು ಅಂಟಿಸಿ ಕೊಡುತ್ತಿದ್ದರು, ನಾನು ಹೊಡೆಯಬೇಕು. ನನಗೆ ಒಳಗೊಳಗೇ ಸಿಟ್ಟು. ಒಂದು ದಿನ ಚೆನ್ನಾಗಿ ಬಂದಿದೆ ಅಂತ ತೋರಿಸಿದೆ. ಅವರು ಮುಂಭಾಗ ನೋಡಲೇ ಇಲ್ಲ. ತಿರುಗಿಸಿ ಹಿಂಭಾಗ ನೋಡಿದರು. "ಮುಂದೆ ರೈಲು ಹೋಗಿದೆ, ಹಿಂದೆ ಕುರಿಮಂದೆ ಹೋಗಿದೆಯಲ್ಲೋ ಬೇಟಾ" ಅಂದರು.

ಇದು ಎಲ್ಲರಿಗೂ ಆಗುತ್ತದೆ. ಫೋರ್ಕ್ ನೆಟ್ಟಗೆ ನಿಂತಿದೆ ಅಂತ ನಮಗೆ ಅನ್ನಿಸುತ್ತದೆ. ನಾವು ನೋಡುವುದು ಮೇಲಿನಿಂದ, ಅದು ವಾಲಿರುವುದು ಪಕ್ಕಕ್ಕೆ. ಹಾಗಾಗಿ ಹೊಡೆಯುವ ಮುಂಚೆ ತಲೆ ಬಗ್ಗಿಸಿ, ಗೆರೆಯ ತುದಿಯಿಂದ ಒಮ್ಮೆ ನೋಡಿ. ಮೊದಲ ಪೆಟ್ಟು ಮೆತ್ತಗೆ, ಗುರುತು ಬೀಳುವಷ್ಟು. ಸರಿ ಇದ್ದರೆ ಆಮೇಲೆ ಜೋರಾಗಿ. ಮುಂದಕ್ಕೆ ಸರಿಸುವಾಗ ಮೊದಲ ಹಲ್ಲನ್ನು ಹಿಂದಿನ ಕೊನೆಯ ತೂತಿನಲ್ಲೇ ಕೂರಿಸಿದರೆ ಅಂತರ ತಪ್ಪುವುದಿಲ್ಲ. ತಿರುವಿನಲ್ಲಿ ಎರಡೇ ಹಲ್ಲಿನದು ಬೇಕು. ಹಲ್ಲು ಸಿಕ್ಕಿಕೊಂಡರೆ ಅಲ್ಲಾಡಿಸಿ ಕೀಳಬೇಡಿ, ತೂತು ಬಾಯಿ ಬಿಡುತ್ತದೆ. ಹಲ್ಲಿನ ತುದಿಗೆ ಸ್ವಲ್ಪ ಮೇಣ ಉಜ್ಜಿ, ಚರ್ಮವನ್ನು ಬೆರಳಿನಿಂದ ಒತ್ತಿ ಹಿಡಿದು ನೆಟ್ಟಗೆ ಮೇಲಕ್ಕೆ ಎಳೆಯಿರಿ.

ಹೊಡೆಯುವುದಕ್ಕೆ ಕಬ್ಬಿಣದ ಸುತ್ತಿಗೆ ಬೇಡ, ಉಳಿಯ ತಲೆ ಅರಳಿ ಹೋಗುತ್ತದೆ. ಮರದ ಕೊಡತಿ ಸಾಕು. ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ಕೆಳಗಿನ ಮನೆಯವರ ಕಾಟ ಇದ್ದೇ ಇರುತ್ತದೆ. ಗ್ರಾನೈಟ್ ಅಂಗಡಿಯಲ್ಲಿ ಅಡುಗೆಮನೆ ಕಟ್ಟೆ ಕತ್ತರಿಸಿ ಉಳಿದ ತುಂಡು ಕೇಳಿ ತನ್ನಿ. ನೆಲದ ಮೇಲೆ ಗೋಣಿಚೀಲ ಮಡಚಿ ಹಾಸಿ, ಅದರ ಮೇಲೆ ಕಲ್ಲು, ಕಲ್ಲಿನ ಮೇಲೆ ದಪ್ಪ ಪ್ಲಾಸ್ಟಿಕ್ ಹಲಗೆ. ಕಲ್ಲು ಭಾರ ಇದ್ದಷ್ಟೂ ಪೆಟ್ಟು ಕಡಿಮೆ ಸಾಕು, ಸದ್ದೂ ಕಡಿಮೆ.

ಇನ್ನು ಹೊಲಿಗೆ. ಮೆಷಿನ್ ಹೊಲಿಗೆಯಲ್ಲಿ ಮೇಲೊಂದು ದಾರ, ಕೆಳಗೊಂದು ದಾರ. ಎರಡೂ ನಡುವೆ ಒಂದಕ್ಕೊಂದು ಕೊಂಡಿ ಹಾಕಿಕೊಂಡಿರುತ್ತವೆ. ಒಂದು ಕಡೆ ಸವೆದರೆ ಇನ್ನೊಂದು ಸಡಿಲವಾಗಿ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಕೈಯಲ್ಲಿ ಎರಡು ಸೂಜಿ ಹಿಡಿದು ಹೊಲಿಯುವ ಸ್ಯಾಡಲ್ ಹೊಲಿಗೆ ಬೇರೆ. ಒಂದೇ ದಾರ, ಎರಡು ತುದಿಗೂ ಸೂಜಿ. ಪ್ರತಿ ತೂತಿನಲ್ಲೂ ಎರಡೂ ಕಡೆಯಿಂದ ದಾರ ದಾಟುತ್ತದೆ. ಒಂದು ಹೊಲಿಗೆ ತುಂಡಾದರೂ ಅದರ ಪಕ್ಕದ್ದು ಹಿಡಿದಿರುತ್ತದೆ. ಕುದುರೆಯ ಜೀನು ಹೊಲಿಯುವವರ ಹೊಲಿಗೆ ಇದು, ಅದಕ್ಕೇ ಆ ಹೆಸರು.

ಹೊಲಿಯಬೇಕಾದ ಉದ್ದದ ನಾಲ್ಕು ಪಟ್ಟು ದಾರ ಕತ್ತರಿಸಿ, ಮೇಲೆ ಒಂದು ಮೊಳ ಸೇರಿಸಿ. ಉಳಿದರೆ ಬಿಸಾಡಬಹುದು, ನಡುವೆ ಮುಗಿದರೆ ಅಳು ಬರುತ್ತದೆ. ಮೇಣ ಹಾಕದ ದಾರ ಆದರೆ ಜೇನುಮೇಣದ ಗಟ್ಟಿಯ ಮೇಲೆ ಎರಡು ಸಲ ಎಳೆಯಿರಿ. ಸೂಜಿಗೆ ಪೋಣಿಸಿದ ಮೇಲೆ ದಾರದ ತುದಿಯ ನಡುವೆಯೇ ಸೂಜಿ ಚುಚ್ಚಿ ಹಿಂದಕ್ಕೆ ಎಳೆದುಕೊಂಡರೆ ಗಂಟಿಲ್ಲದೆ ಕೂರುತ್ತದೆ. ಸೂಜಿಯ ಮೊನೆ ಮೊಂಡಾಗಿರಲಿ. ತೂತು ಆಗಲೇ ಇದೆ, ಚುಚ್ಚುವ ಕೆಲಸ ಸೂಜಿಯದ್ದಲ್ಲ. ಚೂಪು ಸೂಜಿ ಮೊದಲು ಹೋದ ದಾರವನ್ನೇ ಚುಚ್ಚಿಬಿಡುತ್ತದೆ. ಮೊಂಡು ಸೂಜಿ ಸಿಗದಿದ್ದರೆ ಇರುವುದರ ತುದಿಯನ್ನು ಉಪ್ಪುಕಾಗದದ ಮೇಲೆ ನಾಲ್ಕು ಸಲ ತಿಕ್ಕಿ.

ಹೊಲಿಗೆ ಚಂದ ಕಾಣುವುದಕ್ಕೆ ಇರುವುದು ಒಂದೇ ಕಾಯಿದೆ. ಮೊದಲ ತೂತಿನಲ್ಲಿ ಏನು ಮಾಡಿದಿರೋ ಕೊನೆಯ ತೂತಿನಲ್ಲೂ ಅದನ್ನೇ ಮಾಡಿ. ಎಡಗೈ ಸೂಜಿ ಮೊದಲು ಹೋದರೆ ಪ್ರತಿ ಸಲವೂ ಎಡಗೈಯೇ ಮೊದಲು. ಬಲಗೈ ಸೂಜಿ ಅದರ ಹಿಂದಿನಿಂದ ಬಂದರೆ ಪ್ರತಿ ಸಲವೂ ಹಿಂದಿನಿಂದ. ಎರಡನೇ ಸೂಜಿ ತೂರಿಸುವಾಗ ಮೊದಲ ದಾರವನ್ನು ಸ್ವಲ್ಪ ಹಿಂದಕ್ಕೆ ಜಗ್ಗಿ ಹಿಡಿದರೆ ಚುಚ್ಚಿಕೊಳ್ಳುವುದಿಲ್ಲ. ಆಮೇಲೆ ಎರಡೂ ಕೈ ಒಂದೇ ಹದದಲ್ಲಿ ಎಳೆಯಬೇಕು. ನಡುವೆ ಫೋನ್ ಬಂತು ಅಂತ ಎದ್ದು ಹೋಗಿ ಬಂದವರ ಹೊಲಿಗೆಯಲ್ಲಿ ಫೋನ್ ಬಂದ ಜಾಗ ಎದ್ದು ಕಾಣುತ್ತದೆ. ನಾನೇ ನನ್ನ ಹಳೇ ಕೆಲಸದಲ್ಲಿ ತೋರಿಸಬಲ್ಲೆ. ಕೊನೆಗೆ ಎರಡು ಮೂರು ತೂತು ಹಿಂದಕ್ಕೆ ಹೊಲಿದು, ಪಾಲಿಯೆಸ್ಟರ್ ದಾರ ಆದರೆ ಒಂದೆರಡು ಮಿಲಿಮೀಟರ್ ಬಿಟ್ಟು ಕತ್ತರಿಸಿ ಲೈಟರಿನಿಂದ ಕರಗಿಸಿ ಒತ್ತಿ. ಹತ್ತಿ, ನಾರಿನ ದಾರ ಕರಗುವುದಿಲ್ಲ, ಸುಟ್ಟು ಬೂದಿಯಾಗುತ್ತದೆ. ಅದಕ್ಕೆ ತುದಿಯಲ್ಲಿ ಚೂರು ಗೋಂದು.

ಚರ್ಮ ಆರಿಸುವುದರ ಬಗ್ಗೆ ಎಷ್ಟು ಹೇಳಿದರೂ ಕಡಿಮೆ. ತಮಿಳುನಾಡಿನ ಆಂಬೂರು, ರಾಣಿಪೇಟೆ ಕಡೆಯಿಂದ ಬರುವ ಮಾಲಿನಲ್ಲಿ ಎರಡು ಬಗೆ ಮುಖ್ಯ. ಕ್ರೋಮಿಯಂ ಉಪ್ಪಿನಿಂದ ಹದ ಮಾಡಿದ್ದು ಒಂದು, ಮರದ ತೊಗಟೆ, ಅಳಲೆಕಾಯಿಯಂಥವುಗಳಿಂದ ಹದ ಮಾಡಿದ್ದು ಇನ್ನೊಂದು. ಕ್ರೋಮ್ ಚರ್ಮ ಮೆತ್ತಗೆ, ನೀರಿಗೆ ಅಷ್ಟು ಹೆದರುವುದಿಲ್ಲ, ಆದರೆ ಅಂಚು ಉಜ್ಜಿದರೆ ಹೊಳೆಯುವುದಿಲ್ಲ, ಬಣ್ಣವೇ ಬಳಿಯಬೇಕು. ತೊಗಟೆ ಹದದ್ದು ಗಟ್ಟಿ. ಅಂಚಿನ ಮೂಲೆ ಸವರಿ, 400, ಆಮೇಲೆ 800 ನಂಬರಿನ ಉಪ್ಪುಕಾಗದ ಹಾಕಿ, ಚೂರು ನೀರು ಮುಟ್ಟಿಸಿ ನುಣುಪು ಮರದಿಂದ ತಿಕ್ಕಿದರೆ ಗಾಜಿನ ಹಾಗೆ ಹೊಳೆಯುತ್ತದೆ. ಕಲಿಯುವವರು ಇದರಲ್ಲೇ ಶುರು ಮಾಡಿ.

ಒಂದೇ ಚರ್ಮದಲ್ಲೂ ಎಲ್ಲ ಜಾಗ ಒಂದೇ ಅಲ್ಲ. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಸಡಿಲ. ಬೆಲ್ಟನ್ನು ಬೆನ್ನೆಲುಬಿನ ಉದ್ದಕ್ಕೆ ಕತ್ತರಿಸಬೇಕು. ಹೊಟ್ಟೆಯ ಕಡೆಯಿಂದ ಕತ್ತರಿಸಿದ ಬೆಲ್ಟ್ ತಂದು "ನಾನು ಸಣ್ಣ ಆಗಿದ್ದೀನಿ, ಇನ್ನೊಂದು ತೂತು ಹಾಕಿ" ಅನ್ನುವವರು ಬರುತ್ತಾರೆ. ಎಳೆದುಕೊಂಡಿರುವುದು ಬೆಲ್ಟ್ ಅಂತ ಹೇಳುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ. ಮೊದಲ ಆರು ತಿಂಗಳು ಇಡೀ ಚರ್ಮ ಕೊಳ್ಳಬೇಡಿ. ಬ್ಯಾಗ್ ಮಾಡುವವರ ಹತ್ತಿರ ಉಳಿದ ತುಂಡು ತೂಕದ ಲೆಕ್ಕದಲ್ಲಿ ಸಿಗುತ್ತದೆ.

ನನ್ನದೇ ಒಂದು ಪೆಟ್ಟು ಹೇಳುತ್ತೇನೆ. ಎರಡನೇ ವರ್ಷ. ಗಿರಾಕಿಯೊಬ್ಬರ ತಿಳಿ ಬಣ್ಣದ, ತೊಗಟೆ ಹದದ ಬ್ಯಾಗಿನ ಪಟ್ಟಿ. ಬಗ್ಗಿಸುವುದಕ್ಕೆ ಒದ್ದೆ ಮಾಡಿ, ಹಿಡಿತಕ್ಕೆ ತುಕ್ಕು ಹಿಡಿದ ಕ್ಲಿಪ್ ಹಾಕಿ ಊಟಕ್ಕೆ ಹೋದೆ. ಬಂದು ನೋಡಿದರೆ ಕ್ಲಿಪ್ ಇದ್ದ ಕಡೆಯೆಲ್ಲ ನೀಲಿಗಪ್ಪು ಕಲೆ. ಸೋಪಿಗೂ ಹೋಗಲಿಲ್ಲ. ಉಸ್ತಾದರು ಬಂದು ನೋಡಿ ನಕ್ಕರು. ಅಳಲೆಕಾಯಿ ರಸಕ್ಕೆ ಕಬ್ಬಿಣದ ಅಂಶ ಸೇರಿಸಿ ಹಿಂದೆ ಬರೆಯುವ ಮಸಿ ಮಾಡುತ್ತಿದ್ದರಲ್ಲ, ನಾನು ಊಟ ಮಾಡುವಷ್ಟರಲ್ಲಿ ಗಿರಾಕಿಯ ಪಟ್ಟಿಯ ಮೇಲೆ ಅದನ್ನೇ ಮಾಡಿದ್ದೆ. ತೊಗಟೆಯ ಒಗರು ಮತ್ತು ಕಬ್ಬಿಣ ಒದ್ದೆಯಲ್ಲಿ ಸೇರಿದರೆ ಕಪ್ಪು. ನಿಂಬೆರಸ ಹಚ್ಚಿ, ಆಮೇಲೆ ಒಳ್ಳೆ ನೀರಿನಲ್ಲಿ ಒರೆಸಿದರೆ ಕಲೆ ತುಂಬಾ ಮಟ್ಟಿಗೆ ತಿಳಿಯಾಗುತ್ತದೆ. ಪೂರ್ತಿ ಹೋಗಲಿಲ್ಲ. ಆ ಪಟ್ಟಿಯ ದುಡ್ಡು ನನ್ನ ಸಂಬಳದಲ್ಲಿ ಹೋಯಿತು. ಈಗಲೂ ಒದ್ದೆ ಚರ್ಮದ ಹತ್ತಿರ ಸ್ಟೀಲ್ ಸ್ಕೇಲ್ ಇಡುವ ಮುಂಚೆ ಅಂಗಿಗೆ ಒರೆಸಿಕೊಳ್ಳುತ್ತೇನೆ.

ಚಪ್ಪಲಿಗೆ ಹಾಕುವಂಥ ರಬ್ಬರ್ ಅಂಟಿನ ವಿಷಯ ಸಣ್ಣದು. ಎರಡೂ ಕಡೆ ತೆಳ್ಳಗೆ ಹಚ್ಚಿ, ಬೆರಳಿಗೆ ಅಂಟದಷ್ಟು ಒಣಗಿದ ಮೇಲೆ ಜೋಡಿಸಿ. ನುಣುಪು ಮುಖದ ಮೇಲೆ ಅಂಟಿಸಬೇಕಾದರೆ ಆ ಜಾಗವನ್ನು ಮೊದಲು ತರಿ ಮಾಡಿಕೊಳ್ಳಿ, ಇಲ್ಲದಿದ್ದರೆ ಸಿಪ್ಪೆಯ ಹಾಗೆ ಏಳುತ್ತದೆ. ಕಿಟಕಿ ತೆಗೆದಿಡಿ. ಮಳೆಗಾಲದಲ್ಲಿ ಮಾಡಿದ್ದನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿಡಬೇಡಿ, ಬೂಷ್ಟು ಬರುತ್ತದೆ. ಹಳೇ ಪಂಚೆ ತುಂಡು ಸಾಕು.

ಉಪಕರಣದ ಪೆಟ್ಟಿಗೆಗೆ ಸಾವಿರಗಟ್ಟಲೆ ಸುರಿಯುವ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಬೀದಿ ತುದಿಯಲ್ಲಿ ಚಪ್ಪಲಿ ಹೊಲಿಯುವವರ ಹತ್ತಿರ ನಿಮ್ಮದೊಂದು ಚಪ್ಪಲಿ ಕೊಟ್ಟು, ಪಕ್ಕದಲ್ಲಿ ಕೂತು ನೋಡಿ. ಚುಚ್ಚುವುದಕ್ಕೆ ಒಂದು ಆರಿ, ಚರ್ಮ ಕತ್ತರಿಸುವುದಕ್ಕೆ ಒಂದು ರಂಪಿಗೆ, ಒಂದು ಕಲ್ಲು. ಆರಿ ಚುಚ್ಚುವಾಗ ಅವರ ಮಣಿಕಟ್ಟು ತಿರುಗುವುದನ್ನು ಗಮನಿಸಿ. ಯಾವ ವಿಡಿಯೊದಲ್ಲೂ ನನಗೆ ಅದು ಅಷ್ಟು ಚೆನ್ನಾಗಿ ಕಂಡಿಲ್ಲ. ಕೇಳಿದಷ್ಟು ದುಡ್ಡು ಕೊಡಿ, ಚೌಕಾಸಿ ಬೇಡ. ಹವ್ಯಾಸಕ್ಕೆ ಚರ್ಮ ಮುಟ್ಟುವವರನ್ನು ಯಾರೂ ಜಾತಿ ಕೇಳುವುದಿಲ್ಲ. ತಲೆಮಾರುಗಳಿಂದ ಮುಟ್ಟಿದವರನ್ನು ಕೇಳಿದ್ದಾರೆ, ಊರಾಚೆ ಇಟ್ಟಿದ್ದಾರೆ. ಅಥಣಿ, ನಿಪ್ಪಾಣಿ ಕಡೆಯವರು ಹೊಲಿಯುವ ಕೊಲ್ಹಾಪುರಿ ಚಪ್ಪಲಿಗೆ 2019ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಬಂತು. ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರ ಜಿಲ್ಲೆಗಳೂ ಅದರಲ್ಲಿ ಸೇರಿವೆ. ಅಂಥ ಜೋಡು ರಿಪೇರಿಗೆ ಬಂದರೆ ನಾನು ಮೊದಲು ಹೊಲಿಗೆ ನೋಡುತ್ತೇನೆ. ದಾರದ ಬದಲು ಚರ್ಮದ್ದೇ ಸಣ್ಣ ಬಾರು, ಮೊಳೆ ಇಲ್ಲ. ನೋಡಿ ಸುಮ್ನೆ ಸ್ವಲ್ಪ ಹೊತ್ತು ಕೂರುತ್ತೇನೆ.

ಆ ಹುಡುಗನ ಪರ್ಸಿಗೆ ಬರೋಣ. ಹರಿದ ಗೆರೆಯ ಮೇಲೆ ಮತ್ತೆ ಹೊಲಿಯುವ ಹಾಗಿಲ್ಲ. ತಳದಲ್ಲಿ 5 ಮಿ.ಮೀ. ಪಟ್ಟಿ ಕತ್ತರಿಸಿ ತೆಗೆದೆ. ಒಳಗೆ ತೆಳು ಚರ್ಮದ ಇನ್ನೊಂದು ಪದರ ಕೊಟ್ಟು, ಹೊಸದಾಗಿ ಸೀಳು ಹೊಡೆದೆ. ಅವನೂ ಪಕ್ಕದಲ್ಲೇ ಕೂತು ಕೊನೆಯ ಹತ್ತು ಹೊಲಿಗೆ ತಾನೇ ಹಾಕಿದ. ನಾಲ್ಕನೆಯದರಲ್ಲಿ ಬಲಗೈ ಮೊದಲು ಹೋಯಿತು. ಬಿಚ್ಚಿಸಿದೆ.

ಅವನು ಮೊದಲೇ ಪರ್ಸನ್ನು ಬಿಗಿಯಾಗಿ ಕತ್ತರಿಸಿದ್ದ, ನೋಟಿನ ಜಾಗಕ್ಕೆ 69 ಮಿ.ಮೀ. ಎತ್ತರ. ಕಾಗದದಲ್ಲಿ ಅಚ್ಚು ಮಾಡಿಕೊಂಡು ನಿಜವಾದ ನೋಟು ಇಟ್ಟು ನೋಡಿದ್ದರೆ ಇನ್ನೊಂದು ಬೆರಳು ಬಿಡುತ್ತಿದ್ದ. ಈಗ ಉಳಿದದ್ದು 64. ಐನೂರರ ನೋಟಿನ ಎತ್ತರ 66. ಹಾಕಿ ನೋಡಿದ. ಉಗುರಿನಷ್ಟು ನೋಟು ಮೇಲೆ ಇಣುಕುತ್ತಿತ್ತು.

"ಪರವಾಗಿಲ್ಲ ಸರ್," ಅಂದ, "ದುಡ್ಡಿದೆ ಅಂತ ನಾಲ್ಕು ಜನಕ್ಕೆ ಕಾಣ್ಲಿ ಬಿಡಿ." ಆ ನೋಟನ್ನೇ ತೆಗೆದು ನನ್ನ ಕೈಗೆ ಕೊಟ್ಟ.